ಕವಲಿನಲ್ಲಿ ಇಲ್ಲದ ಬಾಣ

"ಇಲ್ಲಿದ್ದ ಬಾಣ ಎಲ್ಲಿ ಹೋಯ್ತು?"

ಯಾರನ್ನೂ ಕೇಳಿದ್ದಲ್ಲ. ಕಾಡಿನ ದಾರಿ ಎರಡಾಗುವಲ್ಲಿ ಕುಕ್ಕರಗಾಲಿನಲ್ಲಿ ಕೂತು ನೆಲದ ಕಡೆ ನೋಡುತ್ತ ಅಂದಳು. ಅವಳು ಸ್ಕೌಟ್ ದಳದ ಎರಡನೆಯ ತಂಡದ ನಾಯಕಿ. ದಳದಲ್ಲಿ ಎಲ್ಲರೂ ಅವಳನ್ನು ಕರೆಯುವುದು ದುರ್ಬೀನು ಎಂದು. ಸುಣ್ಣ ಬಳಿದ ಕಲ್ಲುಗಳ ಬಾಣ ನೋಡಿಕೊಂಡು ಹನ್ನೆರಡರೊಳಗೆ ಕೆರೆದಂಡೆಯ ಡೇರೆ ಮುಟ್ಟಿದರೆ ಅವಳಿಗೆ ಜಾಡಿನ ಬ್ಯಾಡ್ಜು. ಹಿಂದೆ ಎರಡು ಸಲ ತಪ್ಪಿತ್ತು. ಮುಂದಿನ ತಿಂಗಳು ವಯಸ್ಸು ಮೀರುತ್ತದೆ; ಇನ್ನೊಂದು ಸಲ ಎಂಬುದಿಲ್ಲ.

"ಹಸು ಒದ್ದಿರಬೇಕು, ಬಿಡೆ," ಎಂದಳು ಜೊತೆಗಿದ್ದ ಟೈಲರ್ ಮಗಳು.

"ಹಸು ಒದ್ರೆ ಕಲ್ಲು ಚೆಲ್ಲಾಡ್ತಿತ್ತು. ಒಂದಾದ್ರೂ ಕಾಣ್ತಿದ್ಯಾ? ಕೈಯಲ್ಲಿ ಎತ್ತಿದಾರೆ."

ಕಲ್ಲು ಕೂತಿದ್ದ ಒದ್ದೆ ಗುಳಿ ಮೂರು ಉಳಿದಿದ್ದವು. ಮಿಕ್ಕದ್ದು ಬೂಟುಗಳಡಿ ಅಳಿಸಿ, ಬಾಣದ ತುದಿ ಎತ್ತ ಇತ್ತೆಂದು ತಿಳಿಯುವಂತಿರಲಿಲ್ಲ. ಸೇತುವೆಯವರೆಗೆ ಎಲ್ಲ ಬಾಣಗಳೂ ಇದ್ದವು. ಆಮೇಲೆ ಒಂದೂ ಇಲ್ಲ.

ಅರ್ಧ ಗಂಟೆ ಮೊದಲೇ ಹೊರಟ ಮೊದಲ ತಂಡಕ್ಕೆ ಅವಳ ಚಿಕ್ಕಪ್ಪನ ಮಗನೇ ನಾಯಕ. ಹೊರಡುವಾಗ ನಕ್ಕಿದ್ದ: "ದಾರಿ ತಪ್ಪಿದ್ರೆ ಸೀಟಿ ಊದು, ಬಂದು ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ." ಆ ನಗು ಈಗ ಬೇರೆಯೇ ಆಗಿ ಕಂಡಿತು. ನಿನ್ನೆ ಅವನು ನಕ್ಷೆ ಮಡಚಿ ಜೇಬಿಗಿಟ್ಟದ್ದು, ಬೆಳಿಗ್ಗೆ ಕಣ್ಣು ತಪ್ಪಿಸಿದ್ದು, ಒಂದೊಂದೂ ನೆನಪಾಗಿ ಒಂದಕ್ಕೊಂದು ಗಂಟು ಬಿದ್ದವು.

ಎಡಕ್ಕೆ ಹೋದರು. ಕಲ್ಲಿನ ಕ್ವಾರಿ ಸಿಕ್ಕಿತು. ತಿರುಗಿ ಬಂದು ಡೇರೆ ಮುಟ್ಟುವಾಗ ಹನ್ನೆರಡೂ ಮುಕ್ಕಾಲು.

ಅವಳು ನೀರು ಕುಡಿಯಲಿಲ್ಲ. ನೇರ ಹೋಗಿ, ಎಲ್ಲರ ಎದುರಿಗೆ ಅವನ ಚೀಲ ಎತ್ತಿ ಬೋರಲು ಹಾಕಿದಳು. ಹಗ್ಗ, ತಗಡಿನ ಲೋಟ, ಅರ್ಧ ತಿಂದ ಬನ್ನು, ಒದ್ದೆ ಕಾಲುಚೀಲ.

"ಏನೇ ಹುಡುಕ್ತಿದೀಯಾ?"

"ಕಲ್ಲು. ಎಲ್ಲಿ ಬಚ್ಚಿಟ್ಟೆ?"

"ನನ್ನ ತಲೇಲಿ. ನಿನ್ನ ತಲೇಲಿ ಜಾಗ ಇಲ್ಲ, ಅಲ್ಲಿ ಬರೀ ಅನುಮಾನ." ಯಾರೋ ನಕ್ಕರು. ಅವನು ನಗಲಿಲ್ಲ.

ದಳದ ಮಾಸ್ತರು ಎದ್ದು ಬಂದರು. ವಾರವೆಲ್ಲ ಗಡಿಯಾರ ರಿಪೇರಿ ಮಾಡುವವರು. ಬಾಯಿ ಬಿಡುವ ಮೊದಲು ಒಂದು ಕಣ್ಣು ಕಿರಿದು ಮಾಡುವುದು ಅಭ್ಯಾಸ. ಅವರು ಬಾಯಿ ಬಿಡುವಷ್ಟರಲ್ಲಿ ಕೆರೆಯ ಕಡೆಯಿಂದ ಗುಬ್ಬಿ ಬಂದಳು. ಮೊದಲ ತಂಡದವಳು, ಒಂಬತ್ತು ವರ್ಷ, ಎಲ್ಲರಿಗಿಂತ ಚಿಕ್ಕವಳು. ಬೂಟು ಕೈಯಲ್ಲಿ, ಟೋಪಿಯ ತುಂಬ ಬಿಳಿ ಕಲ್ಲು.

"ಎಲ್ಲ ತೊಳ್ದಿದೀನಿ ಮಾಸ್ತರೇ. ಸೇತುವೆ ಹತ್ರ ಬೂಟು ಕಚ್ತು, ಅಲ್ಲಿಂದ ಕೊನೇಲಿ ನಾನೇ ಇದ್ದೆ. ಒಂದೂ ಬಿಟ್ಟಿಲ್ಲ."

"ಆಯ್ಕೊಂಡು ಬಾ ಅಂತ ಇವನು ಹೇಳಿದ್ನಾ?" ದುರ್ಬೀನು ಕೇಳಿದಳು.

"ಇಲ್ಲಕ್ಕಾ. ನೀನೇ ತಾನೆ ಹೋದ ವಾರ ಹೇಳ್ಕೊಟ್ಟಿದ್ದು? ಕೊನೇಲಿ ನಡೆಯೋರು ಗುರುತು ಆಯ್ಕೊಂಡು ಬರಬೇಕು, ಕಾಡಲ್ಲಿ ನಮ್ಮದು ಏನೂ ಉಳೀಬಾರದು ಅಂತ."

ಹೇಳಿಕೊಟ್ಟಿದ್ದಳು. ಹಿಂದೆ ಇನ್ನೊಂದು ತಂಡ ಬರುತ್ತಿದ್ದರೆ ಮುಟ್ಟಬಾರದು ಎಂಬುದನ್ನು ಹೇಳಿರಲಿಲ್ಲ.

ಮಾಸ್ತರು ಪರೀಕ್ಷೆಯ ಪುಸ್ತಕ ತೆಗೆದರು. "ಜಾಡು ಕೆಡಿಸಿದ್ದು ನಮ್ಮ ತಂಡ ಅಂತ ಮುಂದೆ ಹೋದ ನಾಯಕ ಬರೆದು ಸಹಿ ಹಾಕಿದ್ರೆ, ತಡ ಆಗಿದ್ದನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಅದು ಅವನ ಕೈಲಿದೆ. ನಾನು ಬಲವಂತ ಮಾಡೋ ಹಾಗಿಲ್ಲ."

ಅವನು ನೆಲದಲ್ಲಿ ಕೂತು ಬನ್ನಿಗೆ ಮೆತ್ತಿದ ಮಣ್ಣು ಉಜ್ಜುತ್ತಿದ್ದ. ಅವಳು ಪುಸ್ತಕ ಹಿಡಿದು ಎದುರಿಗೆ ನಿಂತಳು.

"ಒಂದು ಸಹಿ ಕಣೋ. ತಪ್ಪಾಯ್ತು ಅಂದೆನಲ್ಲ."

"ಯಾವಾಗ ಅಂದೆ?"

"ಈಗ."

ಅವನು ಲೋಟ, ಹಗ್ಗ, ಕಾಲುಚೀಲ ಒಂದೊಂದಾಗಿ ಚೀಲದೊಳಗೆ ಇಟ್ಟ. ಚೀಲದ ಬಾಯಿಯ ದಾರ ಎಳೆದು ಬಿಗಿದ.

"ಹಾಕಲ್ಲ," ಎಂದ.