ಹೊಗೆಯಿಲ್ಲದ ಶೆಗಡಿ

ನನ್ನ ಜೀವ ಒಂದೇ, ಮೈ ಮಾತ್ರ ಎರಡು. ಒಂದು ಮೈ ಮನೆಯೊಳಗೆ ಗೋಡೆಗೆ ಅಂಟಿಕೊಂಡಿರುತ್ತದೆ, ಇನ್ನೊಂದು ಹೊರಗೆ ಬಿಸಿಲು ಮಳೆಗೆ ಒಡ್ಡಿಕೊಂಡು ನಿಂತಿರುತ್ತದೆ. ನಡುವೆ ಎರಡು ತಾಮ್ರದ ಕೊಳವೆ. ಓದಿದವರು ನನ್ನನ್ನು ಹೀಟ್ ಪಂಪ್ ಅನ್ನುತ್ತಾರೆ. ಬೇಸಿಗೆಯಲ್ಲಿ ಮನೆಯ ಬಿಸಿಯನ್ನು ಹೊತ್ತು ಹೊರಗೆ ಚೆಲ್ಲುತ್ತೇನೆ, ಚಳಿಗಾಲದಲ್ಲಿ ಹೊರಗಿನ ಗಾಳಿಯಲ್ಲಿ ಇದ್ದಷ್ಟು ಬಿಸಿಯನ್ನು ಹೆಕ್ಕಿ ಒಳಗೆ ತರುತ್ತೇನೆ. ಕಾರ್ಖಾನೆಯಲ್ಲಿ ಒಬ್ಬ ಹೆಣ್ಣುಮಗಳು ನನ್ನ ಕೀಲುಗಳಿಗೆಲ್ಲ ಸಾಬೂನು ನೀರು ಹಚ್ಚಿ, ಅನಿಲ ಸೋರಿ ಗುಳ್ಳೆ ಏಳುತ್ತದೇನೋ ಎಂದು ಕಣ್ಣು ಕಿರಿದು ಮಾಡಿ ನೋಡಿದಳು. ಏಳಲಿಲ್ಲ. "ಪಾಸ್" ಅಂದು ಬೆನ್ನು ತಟ್ಟಿದಳು. ನನಗೆ ಸಿಕ್ಕ ಮೊದಲ ಆಶೀರ್ವಾದ ಅದೇ.

ಅಲ್ಲಿಂದ ಬೀದರಿನ ಒಂದು ಅಂಗಡಿಗೆ ಬಂದೆ. ಬಂದವರೆಲ್ಲ ನನ್ನ ರಿಮೋಟಿನ ಮೇಲಿದ್ದ ಸೂರ್ಯನ ಗುರುತು ನೋಡಿ ನಗುವವರೇ. "ಬಿಸಿ ಮಾರ್ಲಾಕ ಬೀದರೇ ಬೇಕಾಗಿತ್ತೇನ್ರಿ? ಏಪ್ರಿಲ್‌ನಾಗ ನಮ್ಮ ಛತ್ತಿನ ಮ್ಯಾಲ ಬರ್ರಿ, ಪುಗಸಟ್ಟೆ ಸಿಗ್ತದ!" ಇಲ್ಲಿಯ ಚಳಿ ಎಂಥದ್ದೆಂದು ಡಿಸೆಂಬರ್ ತಿಂಗಳು ಕಳೆದದ್ದೇ ಇವರಿಗೆ ಮರೆತುಹೋಗುತ್ತದೆ.

ಒಂದು ದಿನ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿದ್ದ ಒಬ್ಬರು ಒಳಗೆ ಬಂದರು. ಟೇಲರ್ ವೈಜಿನಾಥ. ಅಂಗಡಿಯವನು ಅವರನ್ನು ಎರಡು ಟನ್ನಿನ ದೊಡ್ಡ ಮಷೀನಿನ ಮುಂದೆ ನಿಲ್ಲಿಸಿದ. ವೈಜಿನಾಥ ಕಿಸೆಯಿಂದ ಚೀಟಿ ತೆಗೆದರು.

"ಖೋಲಿ ಉದ್ದ ಹನ್ನೆರಡು, ಅಗಲ ಹತ್ತು. ನಾನೇ ಅಳದೀನಿ. ಇದಕ್ಕ ಎರಡು ಟನ್ ಅಂದ್ರ ಮೂವತ್ತಾರರ ಎದಿಗಿ ನಲವತ್ತಾರರ ಅಂಗಿ ಹೊಲದಂಗ ಆಯ್ತಲ್ರಿ. ಮೈಗೆ ಕೂಡೋದು ತೋರಿಸ್ರಿ."

ಅಂಗಡಿಯವನು ಸೋತು ನಕ್ಕು, ಮೂಲೆಯಲ್ಲಿದ್ದ ನನ್ನ ಧೂಳು ಒರೆಸಿದ. ಒಂದು ಟನ್, ಐದು ಸ್ಟಾರ್. "ಕಾಯಿಲ್ ಹೀಟರ್ ಒಂದು ಪಾಲು ಕರೆಂಟು ತಿಂದ್ರ ಒಂದೇ ಪಾಲು ಬಿಸಿ ಕೊಡ್ತದ ಕಾಕಾ. ಇದು ಒಂದು ತಿಂದು ಮೂರು ಕೊಡ್ತದ. ಬ್ಯಾಸಗ್ಯಾಗ ತಂಪೂ ಇದರದೇ."

"ಹೊಗಿ?"

"ಇದರಾಗ ಹೊಗಿ ಎಲ್ಲಿಂದ ಬರ್ಬೇಕ್ರಿ!"

ವೈಜಿನಾಥರಿಗೆ ಬೇಕಾಗಿದ್ದದ್ದು ಆ ಒಂದು ಮಾತು. ಅವರ ಮಗಳು ಅಂಬಿಕಾ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳಿಗೆ ಚಿಕ್ಕಂದಿನಿಂದ ದಮ್ಮಿನ ಕಾಯಿಲೆ. ಈ ಕಡೆಯ ಬಾಣಂತನವೆಂದರೆ ಹೊರಸಿನ ಕೆಳಗೆ ಕೆಂಡದ ಶೆಗಡಿ, ಅದರ ಮೇಲೆ ಓಮಿನ ಕಾಳು, ಬೆಳ್ಳುಳ್ಳಿ ಸಿಪ್ಪೆ. ಖೋಲಿಯ ತುಂಬ ಹೊಗೆ.

ನನ್ನನ್ನು ಗೋಡೆಗೇರಿಸುವಾಗ ವೈಜಿನಾಥರ ಹೆಂಡತಿ ಮಹಾನಂದಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಬಾಣಂತಿ ಖೋಲ್ಯಾಗ ಎ.ಸಿ.? ಥಂಡಿ ಹತ್ತಿ ಸನ್ನಿ ಆದ್ರ ನಿಮ್ಮ ಟೇಪು ಹಿಡ್ದು ಅಳೀತಾ ಕೂಡ್ತೀರೇನು?"

"ಇದು ಬಿಸಿ ಕೊಡ್ತದ, ಮಾರಾಯ್ತಿ."

"ಎ.ಸಿ. ಅಂದ್ರ ಥಂಡಿ ಮಷೀನು. ಊರಿಗೆಲ್ಲ ಗೊತ್ತದ."

ಅದು ಬರೀ ಹಟ ಆಗಿರಲಿಲ್ಲ. ಮಹಾನಂದಾ ಅವರ ಅಕ್ಕ ಹನ್ನೊಂದು ದಿನದ ಬಾಣಂತಿಯಾಗಿದ್ದಾಗ ತೀರಿಕೊಂಡಿದ್ದಳು. ಥಂಡಿ ಹತ್ತಿತ್ತು ಎಂದೇ ಮನೆಯವರೆಲ್ಲ ನಂಬಿದ್ದರು. ಅಂದಿನಿಂದ ಮಹಾನಂದಾ ಅವರಿಗೆ ಥಂಡಿ ಅಂದರೆ ಯಮನ ಇನ್ನೊಂದು ಹೆಸರು.

ಅಂಬಿಕಾ ಕೂಸು ಹೊತ್ತು ಆಸ್ಪತ್ರೆಯಿಂದ ಬಂದ ಬೆಳಿಗ್ಗೆ ಚಳಿ ಕಡಿಯುತ್ತಿತ್ತು. ವೈಜಿನಾಥ ಸೂರ್ಯನ ಗುಂಡಿ ಒತ್ತಿದರು. ನನ್ನದೊಂದು ಸ್ವಭಾವ ಇದೆ. ಕೊಳವೆ ಕಾಯುವ ತನಕ ಒಳಗಿನ ಗಾಳಿ ಬಿಡುವುದಿಲ್ಲ, ಇಲ್ಲದಿದ್ದರೆ ತಣ್ಣನೆಯ ಗಾಳಿ ಮೈಗೆ ಬಡಿಯುತ್ತದೆ. ಮಹಾನಂದಾ ಅಂಗೈ ಎತ್ತಿ ನಿಂತರು. ಏನೂ ಇಲ್ಲ. ಸರಸರ ಹಿತ್ತಲಿಗೆ ಹೋಗಿ ನನ್ನ ಹೊರಗಿನ ಮೈಯ ಮುಂದೆ ಕೈಯೊಡ್ಡಿದರು. ಅಲ್ಲಿ ಬರ್ಫದಂಥ ಗಾಳಿ!

"ಅಯ್ಯೋ ನನ್ನ ಕರ್ಮ! ಹಿಂದ ಮುಂದ ಮಾಡಿ ಕೂಡಿಸ್ಯಾರ ಮುಂಡೇಗಂಡರು!" ಎಂದು ಕೂಗುತ್ತ ಬಂದು ನನ್ನನ್ನು ಆರಿಸಿಯೇಬಿಟ್ಟರು. ಐದು ನಿಮಿಷದಲ್ಲಿ ಹೊರಸಿನ ಕೆಳಗೆ ಶೆಗಡಿ ಬಂತು.

ನಾನು ಗೋಡೆಯ ಮೇಲಿಂದ ನೋಡುತ್ತಲೇ ಇದ್ದೆ. ಹೊಗೆ ಮೊದಲು ನೆಲದಲ್ಲಿ ಹರಿಯಿತು, ಆಮೇಲೆ ಹೊರಸು ಹತ್ತಿತು. ಅಂಬಿಕಾಳ ಎದೆಯಲ್ಲಿ ಸೀಟಿ ಊದಿದ ಹಾಗೆ ಸದ್ದು. ದಮ್ಮಿನ ಔಷಧಿಯ ಪಂಪು ಬಾಯಿಗಿಟ್ಟು ಎಳೆದಳು. "ಅವ್ವಾ, ಉಸಿರು ಹಿಡೀಲಾಕತ್ತದ..." ಶೆಗಡಿ ತೆಗೆದರೆ ಥಂಡಿ, ಇಟ್ಟರೆ ದಮ್ಮು. ಮಹಾನಂದಾ ಶೆಗಡಿಯ ಹಿಡಿಕೆ ಹಿಡಿದು ಕೂತೇಬಿಟ್ಟರು. ಎತ್ತಲೂ ಇಲ್ಲ, ಬಿಡಲೂ ಇಲ್ಲ.

ಆ ಹೊತ್ತಿಗೆ ಕೂಸಿಗೆ ಎರೆಯಲು ಜಗದೇವಿ ಆಯಿ ಬಂದರು. ಓಣಿಯ ಅರ್ಧ ಜನಕ್ಕೆ ಮೊದಲ ನೀರು ಹಾಕಿದ ಕೈ ಅವರದು.

"ಏ ಮಹಾನಂದಾ, ಮಗಳನ್ನ ಧೂಪಕ್ಕ ಹಾಕಿಯೇನು? ಆ ಶೆಗಡಿ ಹೊರಗ ಒಗಿ!"

ಜಗಳದ ಮೂಲ ತಿಳಿದ ಮೇಲೆ ಆಯಿ ನನ್ನನ್ನು ಮತ್ತೆ ಹಚ್ಚಿಸಿದರು. ಹಿತ್ತಲಿಗೆ ಹೋಗಿ ಕೈ ಇಟ್ಟರು. ಒಳಗೆ ಬಂದು ನನ್ನ ಕೆಳಗೆ ಕಾದು ನಿಂತರು. ಸ್ವಲ್ಪ ಹೊತ್ತಿಗೆ ನನ್ನ ರೆಕ್ಕೆ ತೆರೆಯಿತು, ಬೆಚ್ಚನೆಯ ಗಾಳಿ ಇಳಿಯಿತು. ಆಯಿ ನರೆತ ತಲೆಯ ಸೆರಗು ಜಾರಿಸಿ ಆ ಗಾಳಿಗೆ ಮುಖ ಕೊಟ್ಟರು.

"ಕಬ್ಬಿನ ಗಾಣ ನೋಡೀಯಿಲ್ಲೋ? ರಸ ಒಂದ್ ಕಡಿ, ಸಿಪ್ಪಿ ಒಂದ್ ಕಡಿ. ಇದೂ ಹಂಗೇ ಗಾಳಿ ಹಿಂಡ್ತದ. ಬಿಸಿ ಒಳಗ ತಂದದ, ಸಿಪ್ಪಿ ಹೊರಗ ಒಗದದ. ನೀ ಹೋಗಿ ಸಿಪ್ಪಿ ಮುಟ್ಟಿ, ರಸ ಇಲ್ಲಂತ ಅಳ್ಲಾಕತ್ತಿ!"

"ಆದ್ರ ಆಯಿ, ಎ.ಸಿ. ಅಂತಾರಲ್ರಿ ಇದಕ್ಕ..."

"ಅನ್ನೋರ ಬಾಯಿಗೇನು. ಇದು ಹೊಗಿ ಇಲ್ಲದ ಶೆಗಡಿ. ತಿಳೀತಾ?"

ಶೆಗಡಿ ಎಂಬ ಮಾತು ಬಿದ್ದದ್ದೇ ತಡ, ಮಹಾನಂದಾ ಅವರ ಹೆಗಲು ಇಳಿಯಿತು. ಅಂಬಿಕಾ ಮಧ್ಯಾಹ್ನದ ತನಕ ನಿದ್ದೆ ಹೋದಳು. ತಾಯಿ ಅವಳ ಎದೆಯ ಮೇಲೆ ಕೈಯಿಟ್ಟು, ಸೀಟಿ ಇಲ್ಲದ ಉಸಿರನ್ನು ಕೇಳುತ್ತ ಕೂತಿದ್ದರು.

ಮುಂದಿನ ಚಳಿಗಾಲಗಳಲ್ಲಿ ಆ ಖೋಲಿಗೆ ಓಣಿಯ ಬೇರೆ ಬಾಣಂತಿಯರೂ ಬಂದರು. ಬೇಸಿಗೆಯಲ್ಲಿ ವೈಜಿನಾಥ ತಮ್ಮ ಹೊಲಿಗೆ ಮಷೀನನ್ನು ನನ್ನ ಕೆಳಗೇ ತಂದಿಟ್ಟುಕೊಂಡು ಮದುವೆಯ ಅಂಗಿಗಳನ್ನು ಹೊಲಿದರು. ಧೂಳು ತಡೆಯುವ ನನ್ನ ಜಾಳಿಗೆಯನ್ನು ಮಹಾನಂದಾ ಹದಿನೈದು ದಿನಕ್ಕೊಮ್ಮೆ ಕೂಸಿನ ಬಟ್ಟೆಯ ಹಾಗೆ ತಿಕ್ಕಿ ತೊಳೆದರು.

ನನ್ನ ಹದಿಮೂರನೆಯ ಚಳಿಗಾಲಕ್ಕೆ ನನ್ನ ಗಂಟಲು ಗೊರಗೊರ ಅನ್ನುತ್ತಿತ್ತು. ಆ ವರ್ಷ ಜಗದೇವಿ ಆಯಿಗೆ ಕಾಲು ಬಿದ್ದುಹೋಗಿ, ತಗಡಿನ ಮನೆಯಲ್ಲಿ ಚಳಿಗೆ ನಡುಗುತ್ತಿದ್ದಾರೆಂದು ಸುದ್ದಿ ಬಂತು. ಮಹಾನಂದಾ ಆಟೋ ತೆಗೆದುಕೊಂಡು ಹೋಗಿ ಅವರನ್ನು ಎತ್ತಿ ತಂದು ಅದೇ ಹೊರಸಿನ ಮೇಲೆ ಮಲಗಿಸಿದರು.

"ಏ, ಇದು ಬಾಣಂತಿ ಖೋಲಿ. ನನ್ನನ್ನ ಯಾಕ ತಂದಿ ಇಲ್ಲಿಗಿ?"

"ಈಗ ನೀವೇ ಬಾಣಂತಿ, ಸುಮ್ಕ ಮಲಗ್ರಿ."

"ಹಂಗಾರ ಎರಿಯೋರು ಯಾರು?" ಆಯಿಯ ಬೊಚ್ಚು ಬಾಯಿ ನಕ್ಕಿತು.

ಮಹಾನಂದಾ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರು ಕಾಯಿಸಲು ಒಳಗೆ ಹೋದರು.

ಬೇಸಿಗೆಗೆ ನಾನು ಪೂರ್ತಿ ಕೂತುಹೋದೆ. ಈಗ ಮೆಕ್ಯಾನಿಕ್‌ನ ಅಂಗಡಿಯ ಹಿಂದೆ ಬಿದ್ದಿದ್ದೇನೆ, ತಾಮ್ರವೆಲ್ಲ ಹೋಗಿದೆ. ಬಿಸಿಯನ್ನು ನಾನು ಎಂದೂ ಹುಟ್ಟಿಸಿದವನಲ್ಲ, ಒಂದು ಕಡೆಯಿಂದ ತಂದು ಇನ್ನೊಂದು ಕಡೆ ಕೊಟ್ಟೆ, ಅಷ್ಟೆ. ಆದರೆ ಕಡೆಯ ಚಳಿಗಾಲದ ಆ ಬೆಳಿಗ್ಗೆ, ಮಹಾನಂದಾ ಎರೆದು ಎತ್ತಿ ತಂದ ಆಯಿ ಒದ್ದೆ ಕೂದಲು ಹರಡಿ ನನ್ನ ಕೆಳಗೆ ಮಲಗಿದಾಗ, ಗೊರಗೊರ ಅನ್ನುತ್ತಲೇ ಇದ್ದಬದ್ದ ಬಿಸಿಯನ್ನೆಲ್ಲ ಬಳಿದು ತಂದು ಕೊಟ್ಟಿದ್ದೆ. ಕೂದಲು ಒಣಗುವ ಮೊದಲೇ ಅವರಿಗೆ ನಿದ್ದೆ ಹತ್ತಿತ್ತು.