ಹನ್ನೊಂದನೇ ಮೈಲಿಯ ಮೋರಿ

"ಹತ್ತು?" ಎಂದು ಕೇಳಿ ನಾಣಯ್ಯ ಪೆನ್ಸಿಲಿನ ತುದಿಯನ್ನು ನಾಲಗೆಗೆ ಮುಟ್ಟಿಸಿಕೊಂಡ.

ಸಾಂತಪ್ಪ ಮೇಸ್ತ್ರಿ ಭಾಗಮಂಡಲದ ತನ್ನ ಮನೆಯ ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದ. ಅಲ್ಲಿಂದ ಕರಿಕೆಯ ಕಡೆಗೆ ಇಳಿಯುವ ಕಾಡು ರಸ್ತೆಯಲ್ಲಿ ಇಪ್ಪತ್ತಾರು ವರ್ಷ ದುರಸ್ತಿ ಗ್ಯಾಂಗು ನಡೆಸಿದವನಿಗೆ ಮೈಲಿ ಹೇಳಲು ನಕ್ಷೆ ಬೇಕಿರಲಿಲ್ಲ.

"ಹತ್ತು. ಬಲಕ್ಕೆ ಗುಡ್ಡ, ಎಡಕ್ಕೆ ಪ್ರಪಾತ. ಈಗ ಬೇಸಿಗೆಲಿ ಜಲ್ಲಿ ಸಡ್ಲ ಉಟ್ಟು. ಎರಡ್ ತಿರ್ಗಾಸು. ಬ್ರೇಕ್ ಹಿಡ್ದರೆ ಜಾರುದು."

"ಹಂಗಾರೆ ಗೇರಲ್ಲೇ ಇಳ್ಸೊಕು," ಎಂದು ತನಗೆ ತಾನೇ ಹೇಳಿಕೊಂಡು ಅಳಿಯ ಬರೆದುಕೊಂಡ. ಅವನ ಅಕ್ಷರ ಸಣ್ಣದು, ಒಂದೇ ಸಮ. ಮಾದಾಪುರದ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಎಷ್ಟು ಜನ ಪಿಕಿಂಗಿಗೆ ಬಂದರು, ಯಾರು ಜ್ವರವೆಂದು ಕೂಲಿ ಲೈನಿನ ಮನೆಯಲ್ಲೇ ಮಲಗಿದರು, ಎಲ್ಲವನ್ನೂ ಇದೇ ಅಕ್ಷರದಲ್ಲಿ ಬರೆಯುತ್ತಿದ್ದ. ಕಂಡದ್ದನ್ನು ಬಿಟ್ಟು ಬೇರೆ ಬರೆಯುವ ಜಾತಿಯಲ್ಲ. ಸಾಂತಪ್ಪ ಮಗಳನ್ನು ಕೊಟ್ಟದ್ದೂ ಅದೇ ಗುಣ ನೋಡಿ.

ಅಂಗಳದ ಹಲಸಿನ ಮರದಡಿ ಮೋಟಾರ್ ಸೈಕಲ್ಲು ನಿಂತಿತ್ತು. ಯುದ್ಧದಲ್ಲಿ ನಾಣಯ್ಯ ಬರ್ಮಾ ಗಡಿಯ ಕೆಸರಿನಲ್ಲಿ ಇಂಥದ್ದೇ ಗಾಡಿಯ ಮೇಲೆ ಕಾಗದ ಹೊತ್ತು ತಿರುಗಿದವನು. ಸೈನ್ಯದ ಹರಾಜಿನಲ್ಲಿ ಇದನ್ನು ಹಿಡಿದು ತಂದು ಆರು ವರ್ಷ ಬಿಚ್ಚಿ ಕಟ್ಟಿ, ಈಗ ಒಂದು ದೊಡ್ಡ ಸುತ್ತು ಪ್ರಯಾಣಕ್ಕೆ ಸಿದ್ಧನಾಗಿದ್ದ. ಮಾದಾಪುರದಿಂದ ಮಡಿಕೇರಿ, ಭಾಗಮಂಡಲ, ಕರಿಕೆ. ಅಲ್ಲಿಂದ ಸಮುದ್ರದ ದಡಕ್ಕಿಳಿದು ಮಂಗಳೂರು. ತಿರುಗಿ ಸುಬ್ರಹ್ಮಣ್ಯದ ಮೇಲೆ ಬಿಸಿಲೆ ಘಾಟಿ ಹತ್ತಿ ಸೋಮವಾರಪೇಟೆ. ಇನ್ನೂರೈವತ್ತು ಮೈಲಿ, ಅದರಲ್ಲಿ ಅರ್ಧ ಜಲ್ಲಿ, ಇನ್ನರ್ಧ ಅದೂ ಇಲ್ಲ. ಹೊರಡುವ ಸುದ್ದಿ ತಿಳಿದು ಮಡಿಕೇರಿಯ ಕಚೇರಿಯವರು ಒಂದು ಕೆಲಸವನ್ನೂ ಅಂಟಿಸಿದ್ದರು: ಕರಿಕೆ ರಸ್ತೆಯಲ್ಲಿ ಬಸ್ಸು ಬಿಡಬಹುದೇ ಎಂದು ಮೈಲಿಗೊಂದು ಸಾಲಿನ ರಿಪೋರ್ಟು. ವರ್ಷ ತಿರುಗುವುದರೊಳಗೆ ಕೊಡಗು ಮೈಸೂರಿಗೆ ಸೇರುತ್ತದೆಂಬ ಮಾತಿತ್ತು. ಅದಕ್ಕೆ ಮೊದಲು ಬಸ್ಸು ಓಡಿಸಿಬಿಡಬೇಕೆಂಬ ಆತುರ ಅವರದು.

"ಹನ್ನೊಂದು?"

ಒಳಗೆ ಸಾಂತಪ್ಪನ ಹೆಂಡತಿ ಬೊಳ್ಳಮ್ಮ ಏನನ್ನೋ ಕುಟ್ಟುತ್ತಿದ್ದ ಸದ್ದು ನಿಂತಿತು.

"ಹನ್ನೊಂದು ಒಳ್ಳೇದುಟ್ಟು," ಎಂದ ಸಾಂತಪ್ಪ. ಕಣ್ಣು ತೆರೆದಿದ್ದ.

"ಕರಿಕೆಯ ಟಪಾಲಿನಂವನೂ ಹಂಗೆ ಹೇಳಿದ ಮಾವ. ಆ ಒಂದು ಫರ್ಲಾಂಗಲ್ಲಿ ಗಾಡಿ ಚಕ್ರದ ಗುರುತೇ ಇಲ್ಲೆ, ಚಾಪೆ ಹಾಸಿದಂಗೆ ಉಟ್ಟು ಅಂತ." ನಾಣಯ್ಯನ ಮುಖ ಅರಳಿತು. "ಮಿಲಿಟ್ರಿಲಿ ನಮ್ಗೆ ಕಲ್ಸಿದ್ದೇ ಅದ್. ಗುರುತು ಬಿದ್ದಲ್ಲಿ ಮೆತ್ತಗೆ, ಬೀಳದಲ್ಲಿ ಗಟ್ಟಿ. ಹತ್ತರಲ್ಲಿ ಕಳ್ದ ಹೊತ್ತನ್ನ ಅಲ್ಲಿ ತುಂಬಿಸಿಕೊಳ್ನೆ. ಮೂವತ್ತೈದರ ಸ್ಪೀಡಲ್ಲಿ ಬಿಟ್ಟರೂ ಅಲುಗದು."

ಸಾಂತಪ್ಪ ಎಲೆಯಡಿಕೆಯ ಚೀಲಕ್ಕೆ ಕೈ ಹಾಕಿದ. ಬೆರಳಿಗೆ ಸುಣ್ಣದ ಡಬ್ಬಿ ಸಿಗಲಿಲ್ಲ.

ಗುರುತು ಬೀಳದಿರಲು ಕಾರಣ ರಸ್ತೆ ಗಟ್ಟಿಯಾದದ್ದಲ್ಲ. ಎರಡು ಮಳೆಗಾಲದ ಹಿಂದೆ ಅಲ್ಲಿಯ ಕಲ್ಲಿನ ಮೋರಿ ತೋಡಿನ ನೀರಿಗೆ ಕೊಚ್ಚಿಹೋಗಿತ್ತು. ಹೊಸದಕ್ಕೆ ಕಲ್ಲು ಬರಬೇಕು, ಮಂಜೂರಾತಿ ಬರಬೇಕು. ಅಷ್ಟರಲ್ಲಿ ದೊಡ್ಡ ಸಾಹೇಬರ ಕಾರು ಎಂಟು ದಿನದಲ್ಲಿ ಬರುತ್ತದೆಂದು ಆಳು ಬಂದ. ಸಾಹೇಬರು ಬರುವ ಮುಂಚೆ ರಸ್ತೆಗೆ ಮುಖ ತೊಳೆಸುವುದು ಎಲ್ಲ ಮೇಸ್ತ್ರಿಗಳ ಪದ್ಧತಿ: ಗುಂಡಿಗೆ ಸೊಪ್ಪು ತುಂಬಿ ಮೇಲೆ ಜಲ್ಲಿ ಎಳೆದರೆ ಕಾರು ದಾಟುವಷ್ಟು ಹೊತ್ತು ನಿಲ್ಲುತ್ತದೆ. ಸಾಂತಪ್ಪ ಗುಂಡಿಗೆ ಮಾಡುವುದನ್ನು ಮೋರಿಗೆ ಮಾಡಿದ. ಗಟ್ಟಿ ಮರ ಕಡಿಯಲು ಅರಣ್ಯ ಇಲಾಖೆಯವರು ಬಿಡಲಿಲ್ಲ. ತೋಟವೊಂದರ ಅಂಚಿನಲ್ಲಿ ಬಿದ್ದಿದ್ದ ಹಾಲುವಾಣದ ಎರಡು ದಿಮ್ಮಿ ಸಿಕ್ಕವು. ಕಾಫಿಗೆ ನೆರಳು ಕೊಡುವುದಕ್ಕಲ್ಲದೆ ಒಲೆಗೂ ಆಗದ ಮರ. ಅದರ ಮೇಲೆ ಬಿದಿರಿನ ತಟ್ಟಿ, ಸೊಪ್ಪು, ಮಣ್ಣು, ಜಲ್ಲಿ. ದಮ್ಮಸ್ಸು ಹೊಡೆದು ನೀರು ಚಿಮುಕಿಸಿದ. ಕಾರು ದಾಟಿತು. ಇಲಾಖೆಯ ಪುಸ್ತಕದಲ್ಲಿ 'ಕಲ್ಲಿನ ಮೋರಿ ದುರಸ್ತಿಯಾಗಿದೆ' ಎಂದು ಬರೆದು ರುಜು ಹಾಕಿದ. ಬೇಸಿಗೆಯಲ್ಲಿ ಸರಿಯಾಗಿ ಕಟ್ಟೋಣವೆಂದುಕೊಂಡ. ಬೇಸಿಗೆ ಬಂತು, ಆದರೆ ದುರಸ್ತಿಯಾದ ಮೋರಿಗೆ ಯಾರು ಕಲ್ಲು ಕೊಡುತ್ತಾರೆ?

ಗಾಡಿಯವರೆಲ್ಲ ಅಲ್ಲಿ ರಸ್ತೆ ಬಿಟ್ಟು ತೋಡಿಗಿಳಿದು ಆಚೆ ಹತ್ತುತ್ತಿದ್ದರು. ಊರಿಗೆ ಗೊತ್ತಿತ್ತು, ಕಾಗದಕ್ಕೆ ಗೊತ್ತಿರಲಿಲ್ಲ. ಇನ್ನು ನಾಲ್ಕು ತಿಂಗಳಿಗೆ ಅವನ ಪಿಂಚಣಿ. ಈ ಅಳಿಯನಿಗೆ ಹೇಳಿದರೆ ಈ ಅಳಿಯ ಬರೆಯುತ್ತಾನೆ.

"ಹನ್ನೆರಡು ಹೇಳಿ ಮಾವ."

ಯಮುನ ಕಾಪಿ ಹಿಡಿದು ಹೊರಗೆ ಬಂದಳು. ಅಪ್ಪನಿಗೊಂದು ಲೋಟ, ಗಂಡನಿಗೊಂದು. "ನಂಗೂ ಒಂದು ಸಾಲು ಬರಿರಿ ಅದ್ರಲ್ಲಿ. 'ಹಿಂದಿನ ಸೀಟಲಿ ಹೆಂಡ್ತಿ ಕುದ್ದಿತ್ತ್, ಬಿದ್ದಿಲ್ಲೆ' ಅಂತ."

"ನೀ ಎಲ್ಲಿಗೆ?" ಸಾಂತಪ್ಪನ ಕೈಯ ಲೋಟ ತುಳುಕಿತು.

"ಕರಿಕೆಗೆ, ಅತ್ತೆ ಮನೆಗೆ. ಇವ್ರು ಸಮುದ್ರ ಸುತ್ತಿ ಬರುವಷ್ಟು ದಿನ ನಾ ಮಾದಾಪುರಲಿ ಒಬ್ಳೇ ಎಂಥ ಮಾಡೊಕು? ಲೈನಿನ ಕೋಳಿ ಎಣ್ಸೊಕಾ?"

"ಆ ಗಾಡಿಲಿ ಹೆಂಗಸ್ರು ಕುದ್ರುದಾ?"

"ಮಡಿಕೇರಿಂದ ಇಲ್ಲಿಗೆ ಮತ್ತೆ ಹೆಂಗೆ ಬಂದೆ? ಹಾರಿಕಂಡಾ?" ಯಮುನ ನಕ್ಕಳು. ನಾಣಯ್ಯನೂ ನಕ್ಕ.

ಸಾಂತಪ್ಪ ನಗಲಿಲ್ಲ. ಲೋಟ ಕೆಳಗಿಟ್ಟು ಹೇಳಿದ: "ಹನ್ನೊಂದರಲ್ಲಿ ತೋಡಿಗೆ ಇಳೀರಿ. ಗಾಡಿಯವ್ರು ಹಂಗೇ ಹೋದು."

"ಒಳ್ಳೇದುಟ್ಟು ಅಂದ್ರಿ?"

"ಉಟ್ಟು. ಆದ್ರೂ."

"ಗಾಡಿಯವ್ರು ಇಳಿದು ಎತ್ತಿಗೆ ನೀರು ಕುಡ್ಸಿಕೆ ಮಾವ. ನನ್ನ ಎತ್ತಿಗೆ ಪೆಟ್ರೋಲು ಸಾಕು," ಎಂದು ನಾಣಯ್ಯ ಪುಸ್ತಕದ ಹಾಳೆ ತಿರುಗಿಸಿದ. "ಮತ್ತೆ ಬಸ್ಸು ತೋಡಲ್ಲಿ ಹೋಕೆ ಆಕಾ? ನಾ ರಸ್ತೆ ಮೇಲೆ ಹೋದರೇ ರಸ್ತೆ ರಿಪೋರ್ಟು."

ಅಡುಗೆಮನೆಯಲ್ಲಿ ಬೊಳ್ಳಮ್ಮ ಒಲೆಯ ಮುಂದೆ ಕಾಯುತ್ತಿದ್ದಳು. ಗಂಡ ಬಂದು ನಿಂತದ್ದು ಗೊತ್ತಾದರೂ ತಿರುಗಲಿಲ್ಲ.

"ಹೇಳಿದ್ರಾ?"

"ನಾಡಿದ್ದಲ್ಲದಾ ಹೊರಡುದು."

"ನಾಡಿದ್ದು ಅವ್ಳ ಹಿಂದೆ ಓಡಿಕಂಡು ಹೋಗಿ ಹೇಳ್ರಿ."

"ಪುಸ್ತಕಲಿ ನನ್ನ ರುಜು ಉಟ್ಟು, ಬೊಳ್ಳೂ. ಪಿಂಚಣಿ ಹೋದು ಬಿಡು, ಜೈಲಿಗೆ ಹಾಕಿರೆ?"

ಅವಳು ಕೊಳವೆಯಿಂದ ಒಲೆ ಊದಿದಳು. ಬೂದಿ ಹಾರಿ ಇಬ್ಬರ ಮೇಲೂ ಕೂತಿತು. "ಎರಡು ಮಳೆ ತಡ್ದುಟ್ಟಲ್ಲ, ಇನ್ನೊಂದು ದಿನ ತಡ್ದೀತು ಅಂತ ನಿಮ್ಮ ಮನ್ಸಲ್ಲಿ ಉಟ್ಟು," ಎಂದಳು. ಅದು ನಿಜವಾಗಿತ್ತು. ಅವಳ ಬಾಯಲ್ಲಿ ಕೇಳಿದಾಗ ಅದು ಅವನಿಗೆ ಬೇರೆಯದೇ ಮಾತಿನಂತೆ ಕೇಳಿಸಿತು.

ಮರುದಿನ ಬೆಳಿಗ್ಗೆ ಸಾಂತಪ್ಪ ಡ್ಯೂಟಿ ಎಂದು ಹೇಳಿ ಹೊರಟ. ಅಂಗಳದಲ್ಲಿ ನಾಣಯ್ಯ ಚೈನಿಗೆ ಎಣ್ಣೆ ಹಾಕುತ್ತಿದ್ದ. ಯಮುನ ಹಿಂದಿನ ಸೀಟಿಗೆ ಕಂಬಳಿ ಮಡಿಸಿ ಕಟ್ಟಿ, ಕೂತು ನೋಡಿ, ಮತ್ತೆ ಬಿಚ್ಚಿ ಕಟ್ಟುತ್ತಿದ್ದಳು. ದಾರಿಯುದ್ದಕ್ಕೂ ಮೇಸ್ತ್ರಿ ತನ್ನ ರಸ್ತೆಯನ್ನು ತಾನು ನೋಡಲಿಲ್ಲ. ಕಾಡಿನಲ್ಲಿ ಗಾಳಿಯಿರಲಿಲ್ಲ. ಒಣಗಿದ ಬಿದಿರು ಆಗಾಗ ತಾನಾಗಿ ಸಿಡಿಯುತ್ತಿತ್ತು.

ಹನ್ನೊಂದನೇ ಮೈಲಿಗಲ್ಲು ಮುಟ್ಟಿದಾಗ ಹೊತ್ತು ಪಶ್ಚಿಮಕ್ಕೆ ವಾಲಿತ್ತು. ತಿರುವು ಕಳೆದ ಕೂಡಲೇ ರಸ್ತೆ ನೇರವಾಗಿ, ಅಗಲವಾಗಿ, ನುಣ್ಣಗೆ ಬಿದ್ದಿತ್ತು. ಇಡೀ ಘಾಟಿಯಲ್ಲಿ ಇಷ್ಟು ಚಂದದ ತುಂಡು ಇನ್ನೊಂದಿರಲಿಲ್ಲ. ಅವನು ಮೋರಿಯ ಮೇಲೆ ಕಾಲಿಟ್ಟ. ಏನೂ ಆಗಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ ಹಿಮ್ಮಡಿಯಿಂದ ಗುದ್ದಿದ. ಏನೂ ಆಗಲಿಲ್ಲ. ಎದೆಯೊಳಗೆ ಏನೋ ಹಗುರಾಯಿತು.

ಕೆಳಗಿನಿಂದ ಗಂಟೆಯ ಸದ್ದು ಕೇಳಿಸಿತು. ಗಾಡಿ ಕುಟ್ಟಪ್ಪ ತೆಂಗಿನಕಾಯಿ ಹೇರಿಕೊಂಡು ಬರುತ್ತಿದ್ದ. ತೋಡಿನ ಕಡೆಗೆ ಎತ್ತುಗಳು ತಾವಾಗಿಯೇ ತಿರುಗಿಕೊಂಡವು.

"ಏನ್ ಮೇಸ್ತ್ರಿ, ಮೋರಿ ಮೇಲೆ ಕುಣೀತಿದ್ದೀರಾ?"

"ಕುಟ್ಟಪ್ಪ, ಗಾಡೀನ ಇವತ್ತು ಇದರ ಮೇಲೆ ಹೊಡಿ ನೋಡೋಣ."

ಕುಟ್ಟಪ್ಪ ಬೀಡಿಯನ್ನು ತುಟಿಯಿಂದ ತೆಗೆದ. "ಮೋರಿ ನಿಮ್ದು, ಎತ್ತು ನಂದು. ನೀವೇ ನೊಗ ಹೊತ್ತರೆ ಹೊಡೀತೀನಿ."

"ತಡೆಯುತ್ತೆ ಕಣೋ."

"ತಡೆಯುತ್ತೆ ಅಂತ ನೀವು ಹೇಳ್ತೀರಿ, ಇವು ಹೇಳಲ್ಲ." ಎತ್ತಿನ ಬೆನ್ನು ತಟ್ಟಿ ಅವನು ತೋಡಿಗಿಳಿದ. ಈಚೆ ದಡ ಹತ್ತಿದ ಮೇಲೆ ಗಾಡಿ ನಿಲ್ಲಿಸಿ, ಹೇರಿನಿಂದ ಒಂದು ತೆಂಗಿನಕಾಯಿ ತೆಗೆದು ರಸ್ತೆಯ ನಡುವಿಗೆ ಎಸೆದ. ಕಾಯಿ ಎರಡು ಸಲ ಪುಟಿಯಿತು. ಸದ್ದು ನೆಲದ್ದಲ್ಲ; ಭತ್ತ ತುಂಬುವ ಪತ್ತಾಯ ಖಾಲಿಯಿದ್ದಾಗ ಗುದ್ದಿದ ಹಾಗಿತ್ತು. ಕುಟ್ಟಪ್ಪ ಗಾಡಿ ಹೊಡೆದುಕೊಂಡು ಮೇಲೆ ಹೋದ. ಕಾಯಿ ಅಲ್ಲೇ ಉಳಿಯಿತು.

ಸಾಂತಪ್ಪ ಗ್ಯಾಂಗಿನ ಗುಡಿಸಲಿಗೆ ನಡೆದು ಪಿಕಾಸಿ ತಂದ. ಆಳುಗಳನ್ನು ಕರೆಯಲಿಲ್ಲ. ಮೊದಲ ಏಟಿಗೆ ಜಲ್ಲಿಯೂ ಎರಡನೆಯದಕ್ಕೆ ಮಣ್ಣೂ ಎದ್ದವು. ಮೂರನೆಯದಕ್ಕೆ ಪಿಕಾಸಿಯ ತಲೆ ಪೂರ್ತಿ ಒಳಗೆ ಹೋಯಿತು. ಹಿಡಿಯನ್ನು ಅವನು ಕೈಬಿಡದಿದ್ದರೆ ಅವನನ್ನೂ ಎಳೆದುಕೊಳ್ಳುತ್ತಿತ್ತು. ಅವನು ಹಿಂದಕ್ಕೆ ಅಂಗಾತ ಬಿದ್ದ. ಕಣ್ಣೆದುರಿಗೇ ರಸ್ತೆಯ ನಡು ಕುಸಿಯಿತು, ಅವಸರವಿಲ್ಲದೆ, ದಣಿದವನು ಕೂತ ಹಾಗೆ. ಧೂಳು ಇಳಿದ ಮೇಲೆ ತೆವಳಿ ಬಂದು ನೋಡಿದ. ಎರಡಾಳು ಆಳದಲ್ಲಿ ತೋಡಿನ ಕಲ್ಲುಗಳು. ಒಂದು ದಿಮ್ಮಿ ಗೆದ್ದಲು ತಿಂದು ಬರೀ ತೊಗಟೆ. ಇನ್ನೊಂದು ಅರ್ಧ ಮುರಿದು ನೇತಾಡುತ್ತಿತ್ತು. ಬೆಳಕು ಕಾಣದ ಆ ಕತ್ತಲಲ್ಲಿ ಅದು ಬೆರಳುದ್ದದ ಬಿಳಿ ಚಿಗುರು ಬಿಟ್ಟಿತ್ತು.

ಆ ರಾತ್ರಿಯನ್ನು ಸಾಂತಪ್ಪ ಗುಡಿಸಲಿನಲ್ಲೇ ಕಳೆದ. ಬೆಳಗಾದಾಗ ಗ್ಯಾಂಗಿನ ಕೆಂಪು ಬಾವುಟ ತೆಗೆದುಕೊಂಡು ಗುಂಡಿಗಿಂತ ಮೊದಲೇ, ತಿರುವಿನ ಮೂಲೆಯಲ್ಲೇ ರಸ್ತೆಯ ನಡುವೆ ನಿಂತ. ಎಂಟು ಗಂಟೆಯ ಹೊತ್ತಿಗೆ ಮೇಲೆಲ್ಲೋ ಮೋಟಾರಿನ ಸದ್ದು ಹುಟ್ಟಿತು. ಗುಡ್ಡದ ಒಂದೊಂದು ಮಡಿಕೆಯಲ್ಲಿ ಅಡಗಿ, ಮತ್ತೆ ಹತ್ತಿರದಲ್ಲಿ ಎದ್ದಿತು. ಹತ್ತನೇ ಮೈಲಿಯಲ್ಲಿ ಅದು ನಿಧಾನವಾಯಿತು, ಅವನು ಹೇಳಿದ್ದ ಹಾಗೆಯೇ. ಆಮೇಲೆ ದನಿ ಬದಲಾಯಿತು. ನಾಣಯ್ಯ ಗೇರು ಏರಿಸಿದ್ದ.

ಬಾವುಟ ಕಂಡವನೇ ಅವನು ಹಿಡಿದ ಬ್ರೇಕಿಗೆ ಗಾಡಿ ಓರೆಯಾಗಿ ಜಾರಿ, ಜಲ್ಲಿ ಸಿಡಿಸುತ್ತ ಬಂದು, ಮಾವನಿಂದ ಮಾರು ದೂರದಲ್ಲಿ ನಿಂತಿತು. ಯಮುನ ಗಂಡನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಬಿಡಲು ಸ್ವಲ್ಪ ಹೊತ್ತು ಬೇಕಾಯಿತು.

"ಎಂಥ ಮಾವ ಇದ್?"

ಸಾಂತಪ್ಪ ಕೈ ತೋರಿಸಿದ. ನಾಣಯ್ಯ ನಡೆದುಹೋಗಿ ಗುಂಡಿಯ ಅಂಚಿನಲ್ಲಿ ಬಗ್ಗಿದ. ದಿಮ್ಮಿ ನೋಡಿದ. ತಟ್ಟಿಯ ಚೂರು ನೋಡಿದ. ತಿರುಗಿ ತಿರುವಿನಿಂದ ಗುಂಡಿಯವರೆಗಿನ ನೇರ ರಸ್ತೆಯನ್ನು ಕಣ್ಣಿನಲ್ಲಿ ಅಳೆದ. ಆಮೇಲೆ ಹೆಂಡತಿಯನ್ನು ನೋಡಿದ.

"ಅಪ್ಪಾ, ಯಾವಾಗ ಬಿದ್ದದ್?" ಯಮುನ ಕೇಳಿದಳು.

"ಬಿದ್ದದಲ್ಲ. ನಾ ತೆಗ್ದದ್."

ಇಂಜಿನ್ನು ತಣಿಯುತ್ತ ಟಿಕ್ ಟಿಕ್ ಎನ್ನುತ್ತಿತ್ತು. ನಾಣಯ್ಯ ಕಿಸೆಯಿಂದ ಪುಸ್ತಕ ತೆಗೆದ. ಪೆನ್ಸಿಲು ಹಿಡಿದು ಮಾವನ ಕಡೆ ತಿರುಗಿದ. ಆ ಮುಖ ಸಿಟ್ಟಿನದೋ ಅಲ್ಲವೋ ಸಾಂತಪ್ಪನಿಗೆ ತಿಳಿಯಲಿಲ್ಲ.

"ಹೋದ ಮಳೇಲಿ ಕೊಚ್ಚಿ ಹೋತ್ ಅಂತ ಬರೀನಾ ಮಾವ?" ಅವನ ದನಿ ಬಹಳ ಮೆಲ್ಲಗಿತ್ತು. ಬದುಕಿನಲ್ಲಿ ಅವನು ಹಾಗೆ ಕೇಳಿದ್ದು ಅದೇ ಮೊದಲಿರಬೇಕು.

ಸಾಂತಪ್ಪ ಮಗಳ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಸೀಟಿನ ಕಂಬಳಿ ಬಿಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡು, ಗಾಡಿಗಳು ಇಳಿಯುವ ಜಾಡಿನಲ್ಲಿ ತೋಡಿನ ಕಡೆಗೆ ಒಬ್ಬಳೇ ನಡೆಯತೊಡಗಿದ್ದಳು.

"ಬೇಡ. ನಾ ಹೇಳ್ನೆ, ನೀ ಬರಿ. ಹನ್ನೊಂದು. ಕಲ್ಲಿನ ಮೋರಿ ಇಲ್ಲೆ. ಹಾಲುವಾಣದ ದಿಮ್ಮಿ ಎರಡು. ಇಟ್ಟಂವ ಮೇಸ್ತ್ರಿ ಸಾಂತಪ್ಪ."

"ಹೆಸರೂನಾ?"

"ಹೆಸರೂ."

ಪೆನ್ಸಿಲು ಓಡಿತು. ಗುಂಡಿಯ ಅಂಚಿನಿಂದ ಸಡಿಲಗೊಂಡ ಜಲ್ಲಿ ಒಂದೊಂದಾಗಿ ಕೆಳಗಿನ ನೀರಿಗೆ ಉದುರುತ್ತಿತ್ತು. ತೋಡಿನ ನಡುವೆ ಕಲ್ಲಿನ ಮೇಲೆ ನಿಂತ ಯಮುನ, ಒಂದೊಂದು ಕಲ್ಲು ಬಿದ್ದಾಗಲೂ ತಲೆಯೆತ್ತಿ ನೋಡುತ್ತಿದ್ದಳು.