ಬರೆದವರು: ಕೈದಿ ನಲವತ್ತೊಂದು

ನಾನು ಬೋರ್ಡು ಬರೆಯುವವನು. ಅಧ್ಯಕ್ಷರ ಹೆಸರಿನ ಹಿಂದೆ ‘ದೇವರು’ ಎಂದು ಬರೆಯಲಾರೆ ಎಂದದ್ದಕ್ಕೆ ಜೈಲಿಗೆ ಬಂದು ಎರಡು ವರ್ಷವಾಗಿತ್ತು. ಹೆಂಡತಿಯ ಮುಖ ನೋಡಲು ಒಮ್ಮೆಯೂ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಜೈಲರ್ ಬಣ್ಣದ ಡಬ್ಬಿ ಹಿಡಿದು ಬಂದ.

“ನಾಳೆ ಹೊರದೇಶದವರು ನೋಡೋಕೆ ಬರ್ತಾರೆ. ‘ಇಲ್ಲಿ ರಾಜಕೀಯ ಕೈದಿಗಳಿಲ್ಲ’ ಅಂತ ಹೆಬ್ಬಾಗಿಲ ಮೇಲೆ ಬರಿ. ಸಂಜೆ ಹೆಂಡ್ತೀನ ಕರೆಸ್ತೀನಿ.”

ಮೈಯೆಲ್ಲ ಉರಿಯಿತು. ಆದರೂ ಅವಳನ್ನು ನೋಡುವ ಆಸೆಗೆ ಏಣಿ ಹತ್ತಿದೆ. ಅಕ್ಷರಗಳು ಮುತ್ತಿನಂತೆ ಬಂದವು. ಬರೆದವನ ಗುರುತನ್ನು ಮೂಲೆಯಲ್ಲಿ ಹಾಕದೆ ನಮ್ಮ ಕಸುಬಿನವರು ಏಣಿ ಇಳಿಯುವುದಿಲ್ಲ. ಹಾಕಿದೆ: ‘ಬರೆದವರು: ರಾಜಕೀಯ ಕೈದಿ, ನಂಬರ್ ೪೧.’

ಜೈಲರ್ ಹಣೆ ಚಚ್ಚಿಕೊಂಡ. “ಲೋ ಮುಠ್ಠಾಳ, ಅಳಿಸೋ ಅದನ್ನ!”

“ಗುರುತು ಹಾಕದೆ ನಮ್ಮಪ್ಪನೂ ಬೋರ್ಡು ಬರ್ದಿಲ್ಲ.”

“ಹಾಗಾದ್ರೆ ‘ಕಳ್ಳ’ ಅಂತ ಹಾಕು.”

“ಹಾಕ್ತೀನಿ. ಮೊದಲು ನಿಮ್ಮ ದಾಖಲೆಯಲ್ಲೂ ಹಾಗೇ ಬರ್ಕೊಳ್ಳಿ.”

ಆ ಮಹಾಬುದ್ಧಿವಂತ ಬರೆದು ಮೊಹರು ಒತ್ತಿದ. ನಾನು ಗೋಡೆ ತಿದ್ದಿ ಇಳಿದೆ.

“ಸ್ವಾಮಿ, ಕಳ್ಳನಿಗೆ ಎಷ್ಟು ಶಿಕ್ಷೆ?”

“ಆರು ತಿಂಗಳು.”

“ನಾನು ಎರಡು ವರ್ಷ ಕೂತಿದ್ದೀನಿ. ನಾಳೆ ಬರೋರು ಯಾಕೆ ಅಂತ ಕೇಳಿದ್ರೆ?”

ಅವನು ಕಾನೂನು ಪುಸ್ತಕವನ್ನು ಎರಡು ಸಲ ತಿರುವಿಹಾಕಿದ. ಬೆವರಿದ. ಕೊನೆಗೆ ಬಿಡುಗಡೆ ಚೀಟಿ ಕೈಗಿಟ್ಟು ಗುಡುಗಿದ:

“ಒಂದೂವರೆ ವರ್ಷ ಅನುಮತಿ ಇಲ್ಲದೆ ಜೈಲಲ್ಲಿ ಉಳ್ಕೊಂಡಿದ್ದೀಯ. ಕ್ಷಮೆ ಕೇಳಿ ಹೋಗು!”

“ನಿಮ್ಮಜ್ಜಿ ಕೇಳ್ತಾಳೆ” ಎಂದು ಮನೆಯ ದಾರಿ ಹಿಡಿದೆ.